ಕೋಲಾರದ ದಾರಿ, ಗಣಿಯ ದಾರಿ

ಕೋಲಾರ ಎಂದರೆ ಚಿನ್ನ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತವರು. ಆದರೆ ಚಿನ್ನದ ಗಣಿಗಳಿದ್ದದ್ದು ಕೋಲಾರ ಪಟ್ಟಣದಲ್ಲಲ್ಲ. ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದ ಊರಿಗಾಂ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂಗಳಲ್ಲಿ. ಕೋಲಾರ ಗಣಿಗಿಂತ ಸಾವಿರ ವರ್ಷಕ್ಕೂ ಹಳೆಯ ಊರು, ಯಾತ್ರಿಕರ ಊರು. ಇವೆರಡರ ನಡುವೆ ಬಂಗಾರಪೇಟೆ ಇದೆ. ಈ ಮೂರು ಊರುಗಳನ್ನು ಜೋಡಿಸುವ ದಾರಿಗಳನ್ನು ಕಾಲ್ನಡಿಗೆಯಲ್ಲೋ ಸೈಕಲ್ಲಿನಲ್ಲೋ ಸುತ್ತಿದವರಿಗೆ, ಕಾರಿನ ಕಿಟಕಿಯಿಂದ ನೋಡುವವರಿಗೆ ಸಿಗದ ಒಂದು ಇತಿಹಾಸ ಸಿಗುತ್ತದೆ. ಈ ನೆಲಕ್ಕೆ ಯಾರು ಯಾವ ದಾರಿಯಲ್ಲಿ ಬಂದರು, ಯಾರಿಗೆ ಯಾವ ಬಾಗಿಲು ತೆರೆಯಿತು, ಯಾರಿಗೆ ತೆರೆಯಲಿಲ್ಲ ಎಂಬ ಇತಿಹಾಸ ಅದು.

ಮೊದಲು ಬಂಗಾರಪೇಟೆಯ ಹೆಸರನ್ನೇ ನೋಡಿ. ಪಕ್ಕದಲ್ಲೇ ಚಿನ್ನದ ಗಣಿ ಇರುವುದರಿಂದ ಈ ಹೆಸರು ಬಂತೆಂದು ಯಾರಾದರೂ ತಿಳಿಯುತ್ತಾರೆ. ನಿಜಕ್ಕೂ ಇದು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನಲ್ಲಿ, 1864ರಲ್ಲಿ ಬೆಂಗಳೂರು–ಜೋಲಾರಪೇಟೆ ರೈಲುಮಾರ್ಗ ಬಂದಾಗ ಬೆಳೆದ ಊರು. ಜನರ ನಾಲಗೆ ಸಾಹೇಬರ ಹೆಸರನ್ನು ತನಗೆ ಬೇಕಾದಂತೆ ತಿರುಗಿಸಿಕೊಂಡು ಬಂಗಾರ ಮಾಡಿಬಿಟ್ಟಿತು.

ಊರೊಳಗೆ ನಡಿಗೆ

ಬಂಗಾರಪೇಟೆಯಿಂದ ಕೋಲಾರಕ್ಕೆ ಸುಮಾರು 18 ಕಿಲೋಮೀಟರ್. 1913ರಲ್ಲಿ ಈ ಎರಡು ಊರುಗಳ ನಡುವೆ ನ್ಯಾರೋಗೇಜ್ ಪುಟ್ಟ ರೈಲು ಓಡತೊಡಗಿತು. ಅದಕ್ಕೆ ಮುಂಚೆ ಎತ್ತಿನ ಗಾಡಿ, ಕುದುರೆ, ಇಲ್ಲವೇ ಕಾಲು. ಇಂದು ಈ ದೂರ ಸೈಕಲ್ಲಿಗೆ ಹೇಳಿ ಮಾಡಿಸಿದಂತಿದೆ. ಕೋಲಾರ ತಲುಪಿದ ಮೇಲೆ ಸೈಕಲ್ಲನ್ನು ಬದಿಗಿಟ್ಟು ನಡೆಯುವುದೇ ಮೇಲು.

ಗಂಗ ಅರಸರು ತಮ್ಮನ್ನು ಕುವಲಾಲಪುರದ ಒಡೆಯರೆಂದು ಕರೆದುಕೊಳ್ಳುತ್ತಿದ್ದರು. ರಾಜಧಾನಿ ತಲಕಾಡಿಗೆ ಹೋದ ಮೇಲೂ ಆ ಬಿರುದನ್ನು ಅವರು ಬಿಡಲಿಲ್ಲ. ಆ ಕುವಲಾಲವೇ ಇಂದಿನ ಕೋಲಾರ. ಊರದೇವತೆ ಕೋಲಾರಮ್ಮನ ಗುಡಿಯಲ್ಲಿ 11ನೇ ಶತಮಾನದ ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳಿವೆ. ಅದೇ ಆವರಣದಲ್ಲಿ ಚೇಳಮ್ಮನೂ ಇದ್ದಾಳೆ. ಬಂಡೆಗಳ ಸೀಮೆಯಲ್ಲಿ ಬರಿಗಾಲಲ್ಲಿ ನಡೆಯುವವರು ಚೇಳಿನಿಂದ ಕಾಪಾಡೆಂದು ಬೇಡಿಕೊಳ್ಳುವ ದೇವತೆ ಆಕೆ. ಯಾತ್ರಿಕರ ಪಾದಕ್ಕೂ ಒಬ್ಬ ದೇವತೆ ಬೇಕಾಯಿತೆಂಬುದು ಆ ದಾರಿಗಳ ಕಷ್ಟವನ್ನು ಹೇಳುತ್ತದೆ. ಊರೊಳಗೇ ವಿಜಯನಗರ ಕಾಲದ ಸೋಮೇಶ್ವರ ದೇವಾಲಯವಿದೆ. ಹೈದರಾಲಿಯ ತಂದೆ ಫತೇ ಮುಹಮ್ಮದ್ ಹಾಗೂ ಕುಟುಂಬದವರು ಮಲಗಿರುವ ಮಕ್ಬರಾ ಕೂಡ ಇದೇ ಪಟ್ಟಣದಲ್ಲಿದೆ.

ಊರ ಹೊರಗೆ ಶತಶೃಂಗ ಬೆಟ್ಟದ ಮೆಟ್ಟಿಲೇರಿದರೆ ಅಂತರಗಂಗೆ. ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆಗಳನ್ನೇ ನಂಬಿದ ಸೀಮೆಯಲ್ಲಿ ಈ ನೀರು ಯಾಕೆ ಪವಿತ್ರವಾಯಿತೆಂದು ಬಿಸಿಲಲ್ಲಿ ಹತ್ತಿ ಬಂದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬೂದಿಕೋಟೆಯ ದಾರಿ

ಬಂಗಾರಪೇಟೆಯಿಂದ ದಕ್ಷಿಣಕ್ಕೆ ಸೈಕಲ್ ತಿರುಗಿಸಿದರೆ ಹದಿಮೂರು ಕಿಲೋಮೀಟರ್ ಆಸುಪಾಸಿನಲ್ಲಿ ಬೂದಿಕೋಟೆ ಸಿಗುತ್ತದೆ. ಫತೇ ಮುಹಮ್ಮದ್ ಶಿರಾ ನವಾಬರ ಕೈಕೆಳಗೆ ಕೋಲಾರದ ಫೌಜುದಾರರಾಗಿದ್ದಾಗ ಅವರಿಗೆ ಜಹಗೀರಾಗಿ ಬಂದ ಊರು ಇದು. 1720ರ ಆಸುಪಾಸಿನಲ್ಲಿ ಹೈದರಾಲಿ ಹುಟ್ಟಿದ್ದು ಇಲ್ಲೇ. ಮಗ ಇನ್ನೂ ಎಳೆಯನಾಗಿದ್ದಾಗಲೇ ತಂದೆ ಯುದ್ಧದಲ್ಲಿ ಮಡಿದರು. ಅನಾಥನಾದ ಹುಡುಗ ಮುಂದೆ ಮೈಸೂರಿನ ಸೇನೆ ಸೇರಿ, ಅದರ ಚುಕ್ಕಾಣಿಯನ್ನೇ ಹಿಡಿದ ಕಥೆ ಎಲ್ಲರಿಗೂ ಗೊತ್ತು.

ಅಷ್ಟಾಗಿ ಗೊತ್ತಿಲ್ಲದ್ದು ಅವರು ಕೊನೆಯ ಸಲ ಕೋಲಾರಕ್ಕೆ ಬಂದ ಬಗೆ. 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರ್ ತೀರಿಕೊಂಡರು. ಟಿಪ್ಪು ದೂರದ ಮಲಬಾರಿನಲ್ಲಿದ್ದರು. ಸಾವಿನ ಸುದ್ದಿ ಹೊರಬಿದ್ದರೆ ಸೇನೆ ಚದುರೀತೆಂದು ಮಂತ್ರಿಗಳು ಅದನ್ನು ಬಚ್ಚಿಟ್ಟರು. ಪಾರ್ಥಿವ ಶರೀರವನ್ನು ಸುಗಂಧದ್ರವ್ಯ ತುಂಬಿದ ಪೆಟ್ಟಿಗೆಯಲ್ಲಿರಿಸಿ, ಖಜಾನೆಯ ಪೆಟ್ಟಿಗೆಯಂತೆ ಕಾವಲಿಟ್ಟು ಸಾಗಿಸಿದರು. ಹೀಗೆ ಕೋಲಾರಕ್ಕೆ ಬಂದ ದೇಹವನ್ನು ತಂದೆಯ ಗೋರಿಯ ಬಳಿ ಇರಿಸಿ, ಆಮೇಲೆ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಶ್ರೀರಂಗಪಟ್ಟಣದ ಗುಂಬಜ್‌ಗೆ ಜಿಯಾರತ್‌ಗೆಂದು ಬಸ್ಸುಗಳಲ್ಲಿ ಹೋಗುವ ನಮ್ಮವರಲ್ಲಿ ಎಷ್ಟು ಮಂದಿ ಬೂದಿಕೋಟೆಯನ್ನು, ಕೋಲಾರದ ಮಕ್ಬರಾವನ್ನು ಕಂಡಿದ್ದಾರೆ? ಮನುಷ್ಯನ ಬದುಕು ಶುರುವಾದ ಜಾಗವನ್ನು ಬಿಟ್ಟು ಮುಗಿದ ಜಾಗವನ್ನಷ್ಟೇ ನೋಡಿದರೆ ಅರ್ಧ ಓದಿದ ಪುಸ್ತಕದಂತಾದೀತು.

ಗಣಿಯ ದಾರಿ

ಬಂಗಾರಪೇಟೆಯ ಮೂರನೆಯ ದಾರಿ ಪೂರ್ವಕ್ಕೆ, ಕೆ.ಜಿ.ಎಫ್.ಗೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಬಂತು. 1894ರಲ್ಲಿ ಗಣಿಯ ಕವಲು ರೈಲು ಬರುವವರೆಗೆ ಯಂತ್ರಗಳು ಈ ದಾರಿಯಲ್ಲಿ ಎತ್ತಿನ ಗಾಡಿಗಳ ಮೇಲೆ ಹೋದವು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಕುಡಿಯುವ ನೀರು ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ಬಂತು.

ದುಡಿಯುವ ಕೈಗಳು ಬಂದದ್ದು ಹೆಚ್ಚಾಗಿ ಉತ್ತರ ಆರ್ಕಾಟಿನ ಹಳ್ಳಿಗಳಿಂದ. ಬಹುಪಾಲು ತಮಿಳು ಮಾತಾಡುವ ದಲಿತರು. ಬರ, ಜೀತ ಮತ್ತು ಜಾತಿಯಿಂದ ತಪ್ಪಿಸಿಕೊಂಡು ಬಂದವರಿಗೆ ಈ ದಾರಿ ಒಂದು ಬಗೆಯ ಹಿಜ್ರತ್ತೇ ಆಗಿತ್ತೆನ್ನಬೇಕು. ಶತಮಾನಗಳಿಂದ ಯಾತ್ರಿಕರು ಹಾದುಹೋಗುತ್ತಿದ್ದ ಸೀಮೆಗೆ ಬಂದ ಇವರಿಗೆ ಗುಡಿಗಳ ಬಾಗಿಲು ಮಾತ್ರ ಮುಚ್ಚಿತ್ತು. ಆಗ ಅವರು ತಮ್ಮವೇ ಬಾಗಿಲುಗಳನ್ನು ಕಟ್ಟಿಕೊಂಡರು. 20ನೇ ಶತಮಾನದ ಆರಂಭದಲ್ಲೇ ಅಯೋತಿದಾಸರ ಶಾಕ್ಯ ಬೌದ್ಧ ಸಂಘಕ್ಕೆ ಮಾರಿಕುಪ್ಪಂನಲ್ಲಿ ಶಾಖೆಯಿತ್ತು. ಅಂಬೇಡ್ಕರರು 1956ರಲ್ಲಿ ನಾಗಪುರದಲ್ಲಿ ದೀಕ್ಷೆ ಪಡೆಯುವುದಕ್ಕೆ ಎಷ್ಟೋ ಮುಂಚಿನ ಮಾತಿದು. ಇಂದು ಈ ಬೀದಿಗಳಲ್ಲಿ ನಡೆದರೆ ಚರ್ಚು, ಮಸೀದಿ, ಮಾರಿಯಮ್ಮನ ಗುಡಿ, ಬುದ್ಧವಿಹಾರಗಳು ಒಂದರ ಹಿಂದೊಂದು ಸಿಗುತ್ತವೆ. ಕಮ್ಮಸಂದ್ರದ ಕೋಟಿಲಿಂಗೇಶ್ವರ ಕ್ಷೇತ್ರವಂತೂ 1980ರಲ್ಲಿ ಆರಂಭವಾದದ್ದು. ಈ ಸೀಮೆಯಲ್ಲಿ ಯಾತ್ರಾಸ್ಥಳಗಳು ಹುಟ್ಟುವುದು ಇನ್ನೂ ನಿಂತಿಲ್ಲ.

ರಾಬರ್ಟ್‌ಸನ್‌ಪೇಟೆಯ ನೇರವಾದ ಅಡ್ಡರಸ್ತೆಗಳು ಸೈಕಲ್ಲಿಗೆ ಸಲೀಸು. ಅಲ್ಲಿಂದ ಮುಂದೆ ಗಣಿಯ ಲೈನ್ ಮನೆಗಳು, ಬೋಳು ಶಾಫ್ಟುಗಳು, ಬೂದು ಬಣ್ಣದ ಸಯನೈಡ್ ದಿಬ್ಬಗಳು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಮನುಷ್ಯರನ್ನು ಇಳಿಸಿದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಗಾಳಿ ಬೀಸುವ ಹೊತ್ತಿನಲ್ಲಿ ದಿಬ್ಬಗಳ ಪಕ್ಕ ಹೋಗುವವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿ, ಪಾಳುಬಿದ್ದ ಶಾಫ್ಟುಗಳ ಹತ್ತಿರ ಸುಳಿಯದಿರಲಿ. ಗಣಿ ಮುಚ್ಚಿದ ಮೇಲೆ ಇಲ್ಲಿನ ಸಾವಿರಾರು ಮಂದಿ ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅಜ್ಜಂದಿರು ಅನ್ನ ಹುಡುಕಿ ಬಂದ ಊರಿನಿಂದ ಮೊಮ್ಮಕ್ಕಳು ಅನ್ನ ಹುಡುಕಿ ದಿನವೂ ಹೊರಡುತ್ತಾರೆ.

ದಾರಿ ಯಾರದು?

2024ರ ಕೊನೆಯ ಹೊತ್ತಿಗೆ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಹೊಸಕೋಟೆಯಿಂದ ಬೇತಮಂಗಲದವರೆಗಿನ ಭಾಗದಲ್ಲಿ ವಾಹನಗಳು ಓಡತೊಡಗಿದವು. ಅದರ ಮೇಲೆ ನಡೆಯುವವರಿಗೆ, ಸೈಕಲ್ಲಿನವರಿಗೆ ಅವಕಾಶವಿಲ್ಲ. ವೇಗದ ರಸ್ತೆಗೆ ಆ ನಿಯಮ ಬೇಕು, ಒಪ್ಪೋಣ. ಆದರೆ ಆ ಖರ್ಚಿನ ಒಂದು ಚೂರನ್ನಾದರೂ ಹಳೆಯ ದಾರಿಗಳಿಗೆ ಕೊಡಬಾರದೇ? ಕೋಲಾರಮ್ಮನ ಗುಡಿಯಿಂದ ಮಕ್ಬರಾಕ್ಕೆ, ಅಲ್ಲಿಂದ ಅಂತರಗಂಗೆಗೆ ಒಂದು ಕಾಲುದಾರಿ; ಬೂದಿಕೋಟೆಯಿಂದ ಬಂಗಾರಪೇಟೆಯ ಮೂಲಕ ಮಾರಿಕುಪ್ಪಂವರೆಗೆ ಒಂದು ಸೈಕಲ್ ದಾರಿ; ಅಲ್ಲಲ್ಲಿ ನೆರಳಿಗೆ ಹೊಂಗೆ ಮರ, ಕುಡಿಯಲು ನೀರು, ಕನ್ನಡದಲ್ಲೂ ಉರ್ದುವಿನಲ್ಲೂ ತಮಿಳಿನಲ್ಲೂ ಬರೆದ ಫಲಕ. ಇಷ್ಟು ಮಾಡಲು ಚಿನ್ನದ ಗಣಿ ಬೇಕಾಗಿಲ್ಲ.

ಗುಡಿಗೂ ಮಕ್ಬರಾಕ್ಕೂ ವಿಹಾರಕ್ಕೂ ಬೇರೆಬೇರೆ ಬೇಲಿ ಹಾಕಿ ಕಾಯುವುದು ಸುಲಭ. ಆದರೆ ಅವುಗಳ ನಡುವಿನ ದಾರಿಯಲ್ಲಿ ಚೋಳರ ತಮಿಳು, ಫೌಜುದಾರರ ಉರ್ದು, ಈ ನೆಲದ ಕನ್ನಡ, ತೆಲುಗು ಎಲ್ಲವೂ ಜೊತೆಯಾಗಿ ನಡೆದಿವೆ. ಆ ದಾರಿ ಅಳಿಸಿಹೋದರೆ ಉಳಿಯುವುದು ಒಬ್ಬೊಬ್ಬರ ಪಾಲಿನ ಒಂದೊಂದು ತುಂಡು ಇತಿಹಾಸ ಮಾತ್ರ. ಓದುಗರು ಚಳಿಗಾಲದ ಒಂದು ರಜೆಯಲ್ಲಿ ಮಕ್ಕಳನ್ನೂ ಕರೆದುಕೊಂಡು ಬಂಗಾರಪೇಟೆಯಲ್ಲಿ ಇಳಿಯಲಿ. ಎರಡು ದಿನ ಸಾಕು. ದಾರಿ ತಪ್ಪಿದರೆ ಯಾರನ್ನಾದರೂ ಕೇಳಿ. ಆ ಸೀಮೆಯಲ್ಲಿ ನಾಲ್ಕು ಭಾಷೆಯಲ್ಲಿ ದಾರಿ ಹೇಳುವವರಿದ್ದಾರೆ.