ಪರ್ಮಿಷನ್: ಯಾರಿಗೆ, ಯಾವುದಕ್ಕೆ?

‘ಪರ್ಮಿಷನ್’ ಎಂಬುದು ಕನ್ನಡದ ಮಾತಿನಲ್ಲಿ ಕೇಳಿ ಪಡೆಯುವ ವಸ್ತು. ಮೇಷ್ಟ್ರನ್ನು, ಆಫೀಸಿನ ಸಾಹೇಬರನ್ನು, ಮೆರವಣಿಗೆಯಾದರೆ ಪೊಲೀಸರನ್ನು ಕೇಳಬೇಕು. ಹಳೆಯ ಪದಗಳು ಈ ಕೆಲಸವನ್ನು ಹಂಚಿಕೊಂಡಿವೆ: ದೈವದ್ದು ಅಪ್ಪಣೆ, ಅರ್ಜಿಯ ಭಾಷೆಯಲ್ಲಿ ಅನುಮತಿ, ಸರ್ಕಾರ ಕೊಡುವುದು ಪಾರಸಿಯಿಂದ ಬಂದ ಪರವಾನಗಿ. ಯಾವುದರಲ್ಲೂ ಕೇಳುವವರೊಬ್ಬರು, ಕೊಡುವವರೊಬ್ಬರು ಇದ್ದೇ ಇರುತ್ತಾರೆ. ಮೊಬೈಲಿನ ಆ್ಯಪ್ ಕೂಡ ಕ್ಯಾಮೆರಾ ಬೇಕಾದಾಗ ಕೇಳುತ್ತದೆ.

ಯುನಿಕ್ಸ್ ಮತ್ತು ಲಿನಕ್ಸ್‌ಗಳ ಪರ್ಮಿಷನ್ ಬೇರೆ ಜಾತಿಯದು. ಅಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಮಾಲೀಕನಿಗೆ ಇಷ್ಟು, ಗುಂಪಿಗೆ ಇಷ್ಟು, ಉಳಿದವರಿಗೆ ಇಷ್ಟು ಎಂದು ಫೈಲಿಗೆ ಮೊದಲೇ ಗುರುತು ಹಾಕಿರುತ್ತದೆ. ಓದಲು 4, ಬರೆಯಲು 2, ಓಡಿಸಲು 1. ಇವನ್ನು ಕೂಡಿಸಿದರೆ 644, 755ರಂಥ ಸಂಖ್ಯೆಗಳು. ಬದಲಿಸುವ ಆದೇಶ ‘ಚ್‌ಮಾಡ್’. 1971ರ ಮೊದಲ ಯುನಿಕ್ಸ್ ಕೈಪಿಡಿಯಲ್ಲೇ ಅದಿದೆ. ಕನ್ನಡದ ಕಿವಿಗೆ ಅದರಲ್ಲಿ ‘ಮಾಡು’ ಕೇಳಿಸಿದರೂ ಅದು ‘ಮೋಡ್’ನ ಮೊಟಕು.

ಸ್ವಂತ ಲ್ಯಾಪ್‌ಟಾಪಿನಲ್ಲಿ ಅಪಾಚೆ ಸರ್ವರ್ ಹಾಕಿಕೊಂಡವರು ಎಡವುವುದು ಈ ಅರ್ಥವ್ಯತ್ಯಾಸದಲ್ಲೇ. ಸ್ಕ್ರಿಪ್ಟ್ ಬರೆದವರೂ ಬ್ರೌಸರ್ ತೆರೆದವರೂ ಒಬ್ಬರೇ, ಆದರೂ ತೆರೆಯ ಮೇಲೆ ‘403 ಫರ್ಬಿಡನ್’. ಫೈಲು ತನ್ನದೇ ಎಂಬ ವಾದ ಇಲ್ಲಿ ನಡೆಯದು. ಉಬುಂಟುವಿನಲ್ಲಿ ಫೈಲನ್ನು ತೆರೆಯಹೊರಟಿರುವುದು ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’ ಎಂಬ ಬೇರೆ ಬಳಕೆದಾರ. ಪರ್ಮಿಷನ್ ಇರಬೇಕಾದದ್ದು ಅವನಿಗೆ.

ಫೈಲಿಗೆ ಇದ್ದರೂ ಸಾಲದು. ಫೋಲ್ಡರಿನ ವಿಷಯದಲ್ಲಿ ಆ ‘1’ರ ಅರ್ಥ ಓಡಿಸುವುದಲ್ಲ, ಹಾದುಹೋಗುವುದು. ಪಡಸಾಲೆ ದಾಟದೆ ಅಡುಗೆಮನೆ ಸೇರಲಾಗದಂತೆ, ದಾರಿಯ ಒಂದು ಫೋಲ್ಡರ್ ತಡೆದರೂ ಒಳಗಿನ ಫೈಲು ಸಿಗುವುದಿಲ್ಲ. ಉಬುಂಟು 21.04ರಿಂದ ಹೊಸ ಬಳಕೆದಾರರ ಹೋಮ್ ಫೋಲ್ಡರಿಗೆ 750 ಎಂದೇ ಇರುತ್ತದೆ. ಅಲ್ಲಿಟ್ಟ ಸ್ಕ್ರಿಪ್ಟ್ ಸರ್ವರಿನ ಕೈಗೆ ಎಟುಕದು. ಯಾವ ಮೆಟ್ಟಿಲಲ್ಲಿ ತಡೆಯಿದೆಯೆಂದು ‘ನೇಮ್‌ಐ’ ಆದೇಶ ಸಾಲಾಗಿ ತೋರಿಸುತ್ತದೆ.

ಅದೇ 403ಕ್ಕೆ ಇನ್ನೊಂದು ಕಾರಣವೂ ಉಂಟು. ಎರರ್ ಲಾಗ್‌ನಲ್ಲಿ ‘ಪರ್ಮಿಷನ್ ಡಿನೈಡ್’ ಎಂದಿದ್ದರೆ ತಡೆದದ್ದು ಆಪರೇಟಿಂಗ್ ಸಿಸ್ಟಂ. ‘ಕ್ಲೈಂಟ್ ಡಿನೈಡ್ ಬೈ ಸರ್ವರ್ ಕಾನ್ಫಿಗರೇಷನ್’ ಎಂದಿದ್ದರೆ ತಡೆದದ್ದು ಸ್ವತಃ ಅಪಾಚೆ. ಅಲ್ಲಿ ಚ್‌ಮಾಡ್ ಎಷ್ಟು ಮಾಡಿದರೂ ಉಪಯೋಗವಿಲ್ಲ, ಅಪಾಚೆ 2.4ರಲ್ಲಿ ಆ ಫೋಲ್ಡರಿಗೆ ‘ರಿಕ್ವೈರ್ ಆಲ್ ಗ್ರಾಂಟೆಡ್’ ಎಂಬ ಸಾಲು ಬೇಕು. ಲಾಗ್ ಓದದೆ ಸಂಖ್ಯೆ ಬದಲಿಸುವುದು ಬರೀ ಕಾಲಹರಣ.

‘ಯಾವುದಕ್ಕೆ’ ಎಂಬ ಪ್ರಶ್ನೆಯೂ ಉಳಿಯುತ್ತದೆ. ಅಪಾಚೆಯೊಳಗಿನ ಮಾಡ್ಯೂಲೇ ಪಿಎಚ್‌ಪಿಯನ್ನು ನಡೆಸುತ್ತಿದ್ದರೆ ಫೈಲನ್ನು ಓದಲು ಬಂದರೆ ಸಾಕು; 644 ಧಾರಾಳ. ಸಿಜಿಐ ಮೂಲಕ, ಅಂದರೆ ಪ್ರತ್ಯೇಕ ಪ್ರೋಗ್ರಾಮಾಗಿ, ನಡೆಯುವ ಪೈಥಾನ್ ಅಥವಾ ಪರ್ಲ್ ಸ್ಕ್ರಿಪ್ಟಿಗೆ ಓಡಿಸುವ ಪರ್ಮಿಷನ್ನೂ ಬೇಕು, ಅಂದರೆ 755. ವಿಂಡೋಸ್‌ನಲ್ಲಿ ಉಳಿಸಿದ ಫೈಲಾಗಿದ್ದರೆ ಸಾಲಿನ ಕೊನೆಯ ಅದೃಶ್ಯ ಅಕ್ಷರದಿಂದಲೂ ‘500’ ದೋಷ ಬರಬಹುದು. ಅದಕ್ಕೂ ಪರ್ಮಿಷನ್ನಿಗೂ ಸಂಬಂಧವಿಲ್ಲ.

ಇಷ್ಟೆಲ್ಲ ರಗಳೆ ಯಾಕೆಂದು ಎಲ್ಲರಿಗೂ ಎಲ್ಲವನ್ನೂ ಕೊಡುವ 777ಕ್ಕೆ ಹೋಗುವವರಿದ್ದಾರೆ. ಅದು ಪರಿಹಾರವಲ್ಲ: ಯಾರು ಬೇಕಾದರೂ ತಿದ್ದಬಹುದಾದ ಸ್ಕ್ರಿಪ್ಟನ್ನು ಅಪಾಚೆಯ ‘ಸುಎಕ್ಸೆಕ್’ (ಸಿಜಿಐ ಸ್ಕ್ರಿಪ್ಟನ್ನು ಅದರ ಮಾಲೀಕನ ಹೆಸರಿನಲ್ಲಿ ನಡೆಸುವ ಸೌಲಭ್ಯ) ಓಡಿಸುವುದೇ ಇಲ್ಲ.