ಜಗಳಗಂಟ ಮೀನುಗಳ ಸಂಸಾರ

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬ ಗಾದೆ ಕಟ್ಟಿದವರು ಯಾರೋ ತಿಳಿಯದು. ಯಾವಳೋ ಸೊಸೆಯೇ ಇರಬೇಕು. ಇದೇ ಸಂಗತಿಯನ್ನು ಗಾಜಿನ ತೊಟ್ಟಿಯ ಮೀನುಗಳಲ್ಲಿ ಕಂಡು, ಅದರ ಮೇಲೆ ಪುಸ್ತಕ ಬರೆದು ಲೋಕಪ್ರಸಿದ್ಧರಾದವರು ಆಸ್ಟ್ರಿಯಾದ ವಿಜ್ಞಾನಿ ಕೊನ್ರಾಡ್ ಲೊರೆಂಜ್. ಅವರು ನೋಡಿದ್ದು ಸಿಕ್ಲಿಡ್ ಎಂಬ ಕುಲದ ಮೀನುಗಳನ್ನು.

ಈ ಕುಲ ಬಹಳ ದೊಡ್ಡದು. ಅಮೆಜಾನಿನ ಆಸ್ಕರ್ ಈ ಕುಲದ್ದು, ಕೇರಳದವರ ಊಟದ ಕರಿಮೀನೂ ಈ ಕುಲದ್ದು. 1952ರಲ್ಲಿ ಶ್ರೀಲಂಕಾದಿಂದ ಬಂದು ನಮ್ಮ ಕೆರೆಗಳನ್ನೆಲ್ಲ ತುಂಬಿಕೊಂಡ ತಿಲಾಪಿಯಾ, ಅಂದರೆ ಸಂತೆಯ ಜಿಲೇಬಿ ಮೀನು, ಇವುಗಳದೇ ದಾಯಾದಿ. ದಕ್ಷಿಣ ಕನ್ನಡದ ಹೊಳೆಗಳ ಒಂದು ಬಗೆಗೆ 1877ರಲ್ಲಿ ಫ್ರಾನ್ಸಿಸ್ ಡೇ ಎಂಬ ಆಂಗ್ಲ ಅಧಿಕಾರಿ ಕೆನರಾದ ಹೆಸರನ್ನೇ ಇಟ್ಟರು.

ಸಾಮಾನ್ಯವಾಗಿ ಮೀನುಗಳು ಮೊಟ್ಟೆಯಿಟ್ಟು ತಮ್ಮ ದಾರಿ ಹಿಡಿಯುತ್ತವೆ. ಸಿಕ್ಲಿಡ್‌ಗಳು ಹಾಗಲ್ಲ, ಸಂಸಾರ ಹೂಡುತ್ತವೆ. ಕಲ್ಲಿನ ಮೇಲಿನ ಪಾಚಿಯನ್ನು ಗಂಡುಹೆಣ್ಣು ಎರಡೂ ಬಾಯಿಂದ ಉಜ್ಜಿ ಚೊಕ್ಕಟ ಮಾಡುತ್ತವೆ. ಆಸ್ಕರ್ ಅಂಥ ಕಲ್ಲಿನ ಮೇಲೆ ಸಾವಿರಕ್ಕೂ ಮಿಕ್ಕಿ ಮೊಟ್ಟೆಯಿಡುವುದುಂಟು. ರೆಕ್ಕೆಯಿಂದ ಗಾಳಿ ಬೀಸಿದಂತೆ ಹೊಸ ನೀರು ಹಾಯಿಸುತ್ತ, ಕೆಟ್ಟ ಮೊಟ್ಟೆಗಳನ್ನು ಆರಿಸಿ ತೆಗೆಯುತ್ತ, ಮರಿಯಾದ ಮೇಲೆ ಹಿಂಡನ್ನು ಕಾಯುತ್ತ ನಿಲ್ಲುತ್ತವೆ. ಈ ಕಾವಲಿಗೆ ಜಾಗ ಬೇಕು, ಜಾಗ ಉಳಿಸಿಕೊಳ್ಳಲು ಜಗಳ ಬೇಕು. ಅವುಗಳ ಮುಂಗೋಪದ ಒಂದು ಮೂಲ ಇಲ್ಲಿದೆ. 1919ರಿಂದ 1926ರವರೆಗೆ ಮುಷ್ಟಿಯುದ್ಧದ ಜಗಜಟ್ಟಿಯಾಗಿದ್ದ ಅಮೆರಿಕದ ಜ್ಯಾಕ್ ಡೆಂಪ್ಸಿಯ ಹೆಸರನ್ನು ಮಧ್ಯ ಅಮೆರಿಕದ ಒಂದು ಸಿಕ್ಲಿಡ್‌ಗೆ ಅಂಟಿಸಿದರು. ಅದು ಇಂದಿಗೂ ಉಳಿದಿದೆ.

ಮನೆಯಲ್ಲಿ ಇವುಗಳ ಮರಿ ಮಾಡಿಸುವವರು ಕಂಡುಕೊಂಡ ಉಪಾಯಗಳು ಸ್ವಾರಸ್ಯವಾಗಿವೆ. ಅಂಗಡಿಯಿಂದ ಒಂದು ಗಂಡು, ಒಂದು ಹೆಣ್ಣು ತಂದು ಒಟ್ಟಿಗೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಒಂದು ಹೆಣವಾಗಿರಬಹುದು. ಆದ್ದರಿಂದ ಆರೆಂಟು ಮರಿಗಳನ್ನು ಒಟ್ಟಿಗೆ ಸಾಕಿ, ತಮ್ಮ ಜೋಡಿಯನ್ನು ತಾವೇ ಆರಿಸಿಕೊಳ್ಳಲು ಬಿಡುತ್ತಾರೆ. ಜಾತಕ ನೋಡಿ ಮದುವೆ ಮಾಡುವ ನಮಗೆ ಇದು ನಗು ತರಿಸಬಹುದು. ಹಾಗೆ ಕೂಡಿದ ಜೋಡಿಯಲ್ಲೂ ಜಗಳ ಬಂದರೆ ತೂತುಗಳುಳ್ಳ ಅಡ್ಡಗೋಡೆ ಇಳಿಬಿಡುತ್ತಾರೆ. ಗಾತ್ರದಲ್ಲಿ ಚಿಕ್ಕದಾದ ಹೆಣ್ಣು ಮಾತ್ರ ನುಸುಳಬಲ್ಲ ಬಾಯಿಯ ಮಣ್ಣಿನ ಕುಡಿಕೆಯನ್ನು ಇಡುತ್ತಾರೆ. ಒಂದಡಿ ಬೆಳೆಯುವ ಆಸ್ಕರ್‌ಗೆ ಅದಕ್ಕೆ ತಕ್ಕ ವಿಶಾಲ ತೊಟ್ಟಿಯೇ ಬೇಕು.

ಲೊರೆಂಜ್ ಹುಟ್ಟಿದ್ದು 1903ರಲ್ಲಿ. ವಿಯೆನ್ನಾದ ಬಳಿ, ಡ್ಯಾನ್ಯೂಬ್ ನದಿಯ ದಡದ ಆಲ್ಟೆನ್‌ಬರ್ಗ್‌ನಲ್ಲಿ ಅವರ ಮನೆ. ಪ್ರಾಣಿಗಳು ಮನೆ ತುಂಬ ಓಡಾಡಿಕೊಂಡಿದ್ದುದರಿಂದ, ಅವು ಏನಾದರೂ ಮಾಡಿಯಾವೆಂದು ಮಗುವನ್ನೇ ಪಂಜರದಲ್ಲಿ ಇಡುತ್ತಿದ್ದರಂತೆ! 1949ರ ಪುಸ್ತಕದಲ್ಲಿ ಅವರು ಒಂದು ತಂದೆ ಮೀನಿನ ಪ್ರಸಂಗ ಹೇಳುತ್ತಾರೆ. ಆಫ್ರಿಕಾದ ರತ್ನ ಸಿಕ್ಲಿಡ್ ಸಂಜೆ ಹೊತ್ತು ಅಡ್ಡಾಡುವ ಮರಿಗಳನ್ನು ಬಾಯಲ್ಲಿ ಹಿಡಿದು ಗೂಡಿಗೆ ಒಯ್ಯುತ್ತದೆ. ಹಸಿದಿದ್ದ ಅಪ್ಪ ಎರೆಹುಳುವಿನ ತುಂಡು ಅಗಿಯುತ್ತಿದ್ದಾಗ ಒಂಟಿ ಮರಿಯೊಂದು ಎದುರಾಯಿತು. ಅದನ್ನೂ ಬಾಯಿಗೆ ಹಾಕಿಕೊಂಡಿತು. ಒಂದು ಹೊಟ್ಟೆಗೆ ಹೋಗಬೇಕು, ಇನ್ನೊಂದು ಗೂಡಿಗೆ. ಕೆಲ ಕ್ಷಣ ಸ್ತಬ್ಧವಾಗಿ ನಿಂತು, ಎರಡನ್ನೂ ಕೆಳಗೆ ಉಗುಳಿತು. ಮರಿಯ ಮೇಲೆ ಕಣ್ಣಿಟ್ಟೇ ಹುಳು ತಿಂದು ಮುಗಿಸಿತು. ಆಮೇಲೆ ಮರಿಯನ್ನೆತ್ತಿ ತಾಯಿಯ ಬಳಿಗೆ ಒಯ್ದಿತು. ನೋಡುತ್ತಿದ್ದ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರಂತೆ.

ಇಂಥ ಗೃಹಸ್ಥ ಕೊಲೆಗಾರನಾಗುವ ಬಗೆಯನ್ನು ಲೊರೆಂಜ್ 1963ರ ಪುಸ್ತಕದಲ್ಲಿ ಬರೆದರು. ಇಂಗ್ಲಿಷಿನಲ್ಲಿ ಅದು ‘ಆನ್ ಅಗ್ರೆಷನ್’. ಅದರಲ್ಲಿ ಬ್ರೆಜಿಲಿನ ಒಂದು ಮೀನಿನ ಜೊತೆ ನಮ್ಮ ಪಶ್ಚಿಮ ಕರಾವಳಿಯ ಹಳದಿ ಸಿಕ್ಲಿಡ್ ಕೂಡ ಬರುತ್ತದೆ. ನೆರೆಯಲ್ಲಿ ಬೇರೆ ಮೀನಿದ್ದರೆ ಗಂಡು ತನ್ನ ಸಿಟ್ಟನ್ನೆಲ್ಲ ಅದರ ಮೇಲೆ ತೀರಿಸಿಕೊಂಡು ಹೆಂಡತಿಯೊಡನೆ ಸೌಮ್ಯವಾಗಿರುತ್ತದೆ. ನೆರೆಯವರನ್ನು ತೆಗೆದು ಜೋಡಿಯನ್ನಷ್ಟೇ ಉಳಿಸಿದರೆ ಆ ಸಿಟ್ಟು ಹೆಣ್ಣಿನತ್ತ ತಿರುಗುತ್ತದೆ, ಕೊನೆಗೆ ಕೊಂದೇಬಿಡುತ್ತದೆ. ಎರಡು ಜೋಡಿಗಳ ನಡುವಿನ ಗಾಜಿಗೆ ಪಾಚಿ ಕಟ್ಟಿ ನೆರೆಮನೆ ಕಾಣದಾದರೂ ಮನೆಯೊಳಗೆ ಕಾದಾಟ ಶುರು. ಗಾಜು ಒರೆಸಿದರೆ ಮತ್ತೆ ಶಾಂತಿ. ಕೋಪ ಒಳಗೊಳಗೇ ತುಂಬುತ್ತದೆ, ಹೊರಗೆ ದಾರಿಯಿಲ್ಲದಿದ್ದರೆ ಹತ್ತಿರದವರ ಮೇಲೆ ಸುರಿಯುತ್ತದೆ, ಮನುಷ್ಯನೂ ಇದಕ್ಕೆ ಹೊರತಲ್ಲ ಎಂದು ಲೊರೆಂಜ್ ವಾದಿಸಿದರು.

ಇದನ್ನು ಓದಿದಾಗ ನನಗೆ ಎದುರುಮನೆ, ಪಕ್ಕದ ಮನೆಗಳಲ್ಲಿ ಹೆಂಗಸರು ಪಿಸುಗುಟ್ಟುವ ಮಾತುಗಳು ನೆನಪಾದವು. ಆಫೀಸಿನಲ್ಲಿ ಏನೋ ಆಗಿತ್ತು, ಅದಕ್ಕೆ ಕೈ ಮಾಡಿದರು. ಅವರ ಸ್ವಭಾವವೇ ಹಾಗೆ, ಮನಸ್ಸು ಒಳ್ಳೆಯದು. ತವರಿಗೆ ಬಂದ ಮಗಳಿಗೆ ತಾಯಿ ಹೇಳುವುದೂ ಇದನ್ನೇ: ಗಂಡಸಿನ ಕೋಪ, ತಗ್ಗಿ ನಡೆ. ವಿಜ್ಞಾನವೂ ಹಾಗೇ ಹೇಳುತ್ತದೆಯೆಂದರೆ ಹೆಣ್ಣಿಗೆ ಉಳಿದ ದಾರಿ ಯಾವುದು?

ಆದರೆ ವಿಜ್ಞಾನ ಅಲ್ಲಿಗೇ ನಿಲ್ಲಲಿಲ್ಲ. 1973ರಲ್ಲಿ ಲೊರೆಂಜ್ ಇನ್ನಿಬ್ಬರೊಡನೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರೂ, ಮನುಷ್ಯನ ಹಿಂಸೆಯ ಬಗ್ಗೆ ಅವರ ಮಾತನ್ನು ಅನೇಕ ವಿದ್ವಾಂಸರು ಒಪ್ಪಲಿಲ್ಲ. 1938ರಲ್ಲಿ ಅವರು ನಾಜಿ ಪಕ್ಷ ಸೇರಿದ್ದನ್ನೂ ಜನ ಮರೆಯಲಿಲ್ಲ. 1986ರಲ್ಲಿ ಸ್ಪೇನಿನ ಸೆವಿಲ್ ನಗರದಲ್ಲಿ ಬೇರೆ ಬೇರೆ ದೇಶಗಳ ವಿಜ್ಞಾನಿಗಳು ಸೇರಿ, ಹಿಂಸೆ ನಮ್ಮ ಹುಟ್ಟಿನಲ್ಲೇ ಬರೆದಿದೆ ಎನ್ನುವುದು ವೈಜ್ಞಾನಿಕವಾಗಿ ತಪ್ಪು ಎಂದು ಸಾರಿದರು. 1989ರಲ್ಲಿ ಯುನೆಸ್ಕೊ ಆ ಹೇಳಿಕೆಯನ್ನು ಅಂಗೀಕರಿಸಿತು.

ಮೀನಿನ ವಿಷಯದಲ್ಲೂ ಒಂದು ಸಣ್ಣ ಪ್ರಶ್ನೆ ಕೇಳಬೇಕು. ಹೊಳೆಯಲ್ಲಿ ಸೋತ ಮೀನು ಏನು ಮಾಡುತ್ತದೆ? ಈಜಿಕೊಂಡು ದೂರ ಹೋಗುತ್ತದೆ, ಜಗಳ ಅಲ್ಲಿಗೆ ಮುಗಿಯುತ್ತದೆ. ತೊಟ್ಟಿಯಲ್ಲಿ ನಾಲ್ಕು ಕಡೆಯೂ ಗಾಜು. ಓಡಿದ ಹೆಣ್ಣು ಮತ್ತೆ ಗಂಡಿನ ಬಾಯಿಗೇ ಬಂದು ಬೀಳಬೇಕು. ಗಂಡಿನ ಸ್ವಭಾವದ ಜೊತೆಗೆ, ಹೋಗಲು ಜಾಗವಿಲ್ಲದ ಆ ಗೋಡೆಗಳೂ ಅದನ್ನು ಕೊಲ್ಲುತ್ತವೆ.

1990ರ ದಶಕದಲ್ಲಿ ಮಲೇಷ್ಯಾದವರು ಮಧ್ಯ ಅಮೆರಿಕದ ಸಿಕ್ಲಿಡ್‌ಗಳನ್ನು ಬೆರಕೆ ಮಾಡಿ ಫ್ಲವರ್‌ಹಾರ್ನ್ ಎಂಬ ತಳಿ ತಂದರು. ಹಣೆಯ ಮೇಲಿನ ಗುಬುಟು ದೊಡ್ಡದಾದಷ್ಟೂ ಅದೃಷ್ಟ ಹೆಚ್ಚೆಂಬ ನಂಬಿಕೆ ನಮ್ಮ ಊರುಗಳ ವರಾಂಡಗಳಿಗೂ ಬಂದಿದೆ. ಮಹಾ ಜಗಳಗಂಟ ಮೀನಾದ್ದರಿಂದ ಒಂಟಿಯಾಗಿ ಇಡುವುದೇ ವಾಡಿಕೆ. ಗಂಡುಗಳಲ್ಲಿ ಎಷ್ಟೋ ಸಂತಾನಶಕ್ತಿಯಿಲ್ಲದವು. ಸಂಸಾರಕ್ಕಾಗಿ ಜಗಳವಾಡುತ್ತಿದ್ದ ಕುಲದಲ್ಲಿ ಸಂಸಾರ ಹೋಯಿತು, ಜಗಳ ಉಳಿಯಿತು.

ಮೀನು ಸಾಕುವವರು ಗಂಡು ಮೀನಿಗೆ ನೀತಿಪಾಠ ಹೇಳುತ್ತ ಕೂರುವುದಿಲ್ಲ, ಹೆಣ್ಣಿಗೆ ತಗ್ಗಿ ನಡೆ ಎನ್ನುವುದೂ ಇಲ್ಲ. ಅಡ್ಡಗೋಡೆ ಇಳಿಬಿಟ್ಟು, ಕುಡಿಕೆ ಇಟ್ಟು, ದೊಡ್ಡ ತೊಟ್ಟಿ ತರುತ್ತಾರೆ. ನಮ್ಮಲ್ಲಿ ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯಿದೆ 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಮನೆಯಲ್ಲಿ ಉಳಿಯುವ ಹಕ್ಕನ್ನೂ, ಹೊಡೆಯುವವನನ್ನು ದೂರ ಇರಿಸುವ ಆದೇಶವನ್ನೂ ಅದರಡಿ ಕೇಳಬಹುದು. ಮಗಳು ತವರಿಗೆ ಬಂದು ಬಾಗಿಲಲ್ಲಿ ನಿಂತಾಗ ಸ್ವಭಾವದ ಮಾತು ಆಮೇಲಿರಲಿ. ಮೊದಲು ಒಳಗೆ ಕರೆದು ಒಂದು ಕೋಣೆ ತೆರವು ಮಾಡಿಕೊಡೋಣ.