ಬೆಂಗಳೂರು ಪ್ರಾಜೆಕ್ಟ್: ಗ್ರಾಮರ್ ಪಾಠ ಬಿಟ್ಟು ಇಂಗ್ಲಿಷ್ ಕಲಿಸಿದ ಐದು ವರ್ಷ

ಘಣಸೋಲಿಯಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ವಿಷಯ ಯುದ್ಧ, ರಾಜರು, ಶಾಸನ ಯಾವುದೂ ಅಲ್ಲ. ಒಂದು ಇಂಗ್ಲಿಷ್ ಪೀರಿಯಡ್‌ನ ಇತಿಹಾಸ.

ನಮ್ಮ ನವಿ ಮುಂಬಯಿ ಕಡೆ 'ಸ್ಕೂಲ್ ಪ್ರಾಜೆಕ್ಟ್' ಅಂದ ತಕ್ಷಣ ನೆನಪಾಗೋದು ಸ್ಟೇಷನರಿ ಅಂಗಡಿ. ಥರ್ಮೋಕೋಲ್, ಚಾರ್ಟ್ ಪೇಪರ್, ಕಲರ್ ಪ್ರಿಂಟ್‌ಔಟ್. ಅಪ್ಪ ಅಂಟಿಸ್ತಾನೆ, ಅಮ್ಮ ಬರೀತಾಳೆ, ಮಗು ಹೊತ್ಕೊಂಡು ಹೋಗುತ್ತೆ. ಇಂಗ್ಲಿಷ್ ವಿಷಯದ ಪ್ರಾಜೆಕ್ಟ್ ಆದ್ರೂ ಇದೇ ಕಥೆ. ಇಷ್ಟೆಲ್ಲಾ ಆದಮೇಲೆ ಮಗುವಿಗೆ ಇಂಗ್ಲಿಷ್ ಎಷ್ಟು ಬಂತು ಅಂತ ಯಾರೂ ಕೇಳಲ್ಲ.

ಈ ವಿಚಾರ ಹಳೆಯದು. 1918ರಲ್ಲಿ ಅಮೆರಿಕದ ಕೊಲಂಬಿಯಾದಲ್ಲಿ ವಿಲಿಯಂ ಕಿಲ್‌ಪ್ಯಾಟ್ರಿಕ್ 'ಪ್ರಾಜೆಕ್ಟ್ ಮೆಥಡ್' ಅನ್ನೋ ಪ್ರಬಂಧ ಬರೆದರು. ಮಗು ಮನಸ್ಸಿಟ್ಟು, ಒಂದು ಉದ್ದೇಶ ಇಟ್ಟುಕೊಂಡು ಮಾಡುವ ಕೆಲಸವೇ ಕಲಿಕೆಯ ಕೇಂದ್ರವಾಗಬೇಕು ಅನ್ನೋದು ಅವರ ವಾದ. 1937ರಲ್ಲಿ ನಮ್ಮದೇ ಮಹಾರಾಷ್ಟ್ರದ ವಾರ್ಧಾದಲ್ಲಿ ಗಾಂಧೀಜಿ ಕೈಕಸುಬಿನ ಸುತ್ತ ಶಿಕ್ಷಣ ಕಟ್ಟಬೇಕು ಅಂದರು. ನೂಲುವುದು, ನೇಯುವುದು ಸರಿ. ಆದ್ರೆ ಭಾಷೆಯನ್ನು ಹೀಗೆ ಕಲಿಸಬಹುದಾ? ಈ ಪ್ರಶ್ನೆಯನ್ನು ಗಂಭೀರವಾಗಿ ತಗೊಂಡ ಜಾಗಗಳಲ್ಲಿ ನಮ್ಮ ಬೆಂಗಳೂರೂ ಒಂದು.

1950ರ ದಶಕದಿಂದ ದಕ್ಷಿಣ ಭಾರತದ ಶಾಲೆಗಳಲ್ಲಿ ಇಂಗ್ಲಿಷನ್ನು 'ಸ್ಟ್ರಕ್ಚರ್' ಲೆಕ್ಕದಲ್ಲಿ ಕಲಿಸ್ತಾ ಇದ್ದರು. ಇವತ್ತು ಒಂದು ವಾಕ್ಯರಚನೆ, ನಾಳೆ ಇನ್ನೊಂದು. ಎಲ್ಲರೂ ಒಟ್ಟಿಗೆ ಹೇಳಬೇಕು, ಮತ್ತೆ ಮತ್ತೆ ಹೇಳಬೇಕು. ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುವ ಹುಡುಗನಿಗೆ ಹೊರಗೆ ಬಂದರೆ ಬಾಯಿ ಬರ್ತಾ ಇರಲಿಲ್ಲ. ಮದರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್. ಎಸ್. ಪ್ರಭು, ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್‌ನವರ ಜೊತೆ ಸೇರಿ, 1979ರಿಂದ 1984ರವರೆಗೆ ಬೇರೆ ದಾರಿ ಹಿಡಿದರು. ಅಧಿಕೃತ ಹೆಸರು ಕಮ್ಯುನಿಕೇಷನಲ್ ಟೀಚಿಂಗ್ ಪ್ರಾಜೆಕ್ಟ್. ಮದರಾಸು, ಕಡಲೂರಿನಲ್ಲೂ ತರಗತಿ ನಡೆದವು. ಆದರೂ ಪ್ರಪಂಚಕ್ಕೆ ಇದು 'ಬೆಂಗಳೂರು ಪ್ರಾಜೆಕ್ಟ್' ಅಂತಲೇ ಗೊತ್ತು.

ಪ್ರಭು ಅವರ ಊಹೆ ಸರಳ. ಮಗುವಿನ ಗಮನ ಅರ್ಥದ ಮೇಲೆ ಇದ್ದಾಗ ವ್ಯಾಕರಣ ತಾನಾಗಿ ಒಳಗೆ ಇಳಿಯುತ್ತೆ. ಹಾಗಾಗಿ ವ್ಯಾಕರಣದ ಪಾಠಪಟ್ಟಿಯೇ ಇಲ್ಲ. ಅದರ ಬದಲು ಟಾಸ್ಕ್‌ಗಳು: ನಕ್ಷೆ ನೋಡಿ ದಾರಿ ಹುಡುಕು, ರೈಲಿನ ವೇಳಾಪಟ್ಟಿ ಓದಿ ಲೆಕ್ಕ ಹಾಕು.

ನಮ್ಮೂರಿನ ಉದಾಹರಣೆ ನಾನೇ ಕೊಡ್ತೀನಿ. ಠಾಣೆ–ವಾಶಿ ಲೋಕಲ್‌ನ ಟೈಮ್‌ಟೇಬಲ್ ಬೋರ್ಡ್ ಮೇಲೆ ಬರೀರಿ. ಘಣಸೋಲಿಯಿಂದ ಹೊರಟು ಹತ್ತು ಗಂಟೆಯೊಳಗೆ ವಾಶಿ ಮುಟ್ಟಬೇಕು, ಯಾವ ಗಾಡಿ ಹಿಡೀಬೇಕು? ಅದು ತಪ್ಪಿದರೆ? ಮೊದಲು ಇಂಥದ್ದೇ ಒಂದನ್ನು ಟೀಚರ್ ಇಡೀ ತರಗತಿಯ ಜೊತೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಾ ಬಿಡಿಸ್ತಾರೆ. ಒಂದು ಪದದ ಉತ್ತರವೂ ಸಾಕು. ಆಮೇಲೆ ಅದೇ ಥರದ ಇನ್ನೊಂದನ್ನು ಪ್ರತಿ ಮಗು ಒಬ್ಬೊಬ್ಬರಾಗಿ ಮಾಡಬೇಕು. ಗ್ರೂಪ್ ವರ್ಕ್ ಪ್ರಭು ಅವರಿಗೆ ಅಷ್ಟು ಇಷ್ಟ ಇರಲಿಲ್ಲ; ಮಕ್ಕಳು ಪರಸ್ಪರರ ಅರೆಬರೆ ಇಂಗ್ಲಿಷನ್ನೇ ಗಟ್ಟಿ ಮಾಡ್ಕೋತಾರೆ ಅನ್ನೋ ಅಳುಕು. ಟಾಸ್ಕ್ ಕಷ್ಟವೋ ಸುಲಭವೋ ಅನ್ನೋದಕ್ಕೂ ಒಂದು ಅಳತೆ ಇತ್ತು: ತರಗತಿಯ ಅರ್ಧದಷ್ಟು ಮಕ್ಕಳು ಕನಿಷ್ಠ ಅರ್ಧ ಟಾಸ್ಕ್ ಸರಿ ಮಾಡಬೇಕು. ಬೇಕಾದ ಸಾಮಾನು? ಬೋರ್ಡು, ಸೀಮೆಸುಣ್ಣ, ಪೆನ್ನು, ಕಾಗದ. ಥರ್ಮೋಕೋಲ್ ಇಲ್ಲ.

ಫಲಿತಾಂಶ ಏನಾಯ್ತು? ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ಹೊರಗಿನಿಂದ ಬಂದು ಪರೀಕ್ಷಿಸಿ 1985ರಲ್ಲಿ ವರದಿ ಪ್ರಕಟಿಸಿದರು. ಸ್ಟ್ರಕ್ಚರ್ ಪರೀಕ್ಷೆಯಲ್ಲಿ ಹಳೇ ಪದ್ಧತಿಯ ಮಕ್ಕಳು ಮುಂದೆ, ಟಾಸ್ಕ್ ಪರೀಕ್ಷೆಯಲ್ಲಿ ಹೊಸ ಪದ್ಧತಿಯವರು ಮುಂದೆ. ಎರಡೂ ಕಡೆ ವಾಲದ ಪರೀಕ್ಷೆಗಳಲ್ಲಿ ಒಟ್ಟಾರೆ ಹೊಸ ಪದ್ಧತಿಯ ಪರವಾಗಿತ್ತು. ಆದ್ರೆ ಮಕ್ಕಳನ್ನು ಚೀಟಿ ಎತ್ತಿ ಹಂಚಿರಲಿಲ್ಲ, ಇದ್ದ ತರಗತಿಗಳನ್ನೇ ಹೋಲಿಸಿದ್ದರು. ಹಾಗಾಗಿ ಇದನ್ನು ಕೊನೆಯ ತೀರ್ಪು ಅನ್ನೋಕೆ ಆಗಲ್ಲ.

ನನ್ನಂಥ ಇಂಜಿನಿಯರ್‌ಗೆ ಮನಸ್ಸಿಗೆ ನಾಟಿದ್ದು ಮುಂದಿನ ಭಾಗ. 1990ರಲ್ಲಿ ಬೆರೆಟ್ಟಾ ಶಿಕ್ಷಕರನ್ನೇ ಅಧ್ಯಯನ ಮಾಡಿದರು. ತರಬೇತಿ ಕೇಂದ್ರಗಳಿಂದ ಬಂದ ಪರಿಣತರಿಗೆ ಪದ್ಧತಿ ಒಗ್ಗಿತ್ತು. ಶಾಲೆಯ ಕಾಯಂ ಮೇಷ್ಟ್ರುಗಳಲ್ಲಿ ಹೆಚ್ಚಿನವರು ತಡಕಾಡಿದ್ದರು. ನಮ್ಮ ಫೀಲ್ಡ್‌ನಲ್ಲೂ ಹಾಗೇ ಅಲ್ವಾ, ಪೈಲಟ್ ಓಡುತ್ತೆ, ಪ್ರೊಡಕ್ಷನ್‌ನಲ್ಲಿ ಮುಗ್ಗರಿಸುತ್ತೆ. ಪಾಠಪುಸ್ತಕದ ಆಸರೆ ಇಲ್ಲದೆ, ಇಡೀ ಪೀರಿಯಡ್ ಸಹಜವಾಗಿ ಇಂಗ್ಲಿಷ್ ಮಾತಾಡುವ ಧೈರ್ಯವನ್ನು ಮೇಷ್ಟ್ರಿಗೆ ಯಾರು ಕೊಡಬೇಕು?

ಪ್ರಭು 1987ರಲ್ಲಿ ಇದನ್ನೆಲ್ಲ ಪುಸ್ತಕವಾಗಿ ಬರೆದರು. ಟಾಸ್ಕ್ ಆಧಾರಿತ ಭಾಷಾ ಬೋಧನೆಯ ಬಗ್ಗೆ ಓದೋರು ಎಲ್ಲೇ ಇದ್ದರೂ ಬೆಂಗಳೂರಿನ ಹೆಸರು ಓದಿಯೇ ಓದ್ತಾರೆ. ನಮಗೆ ಮಾತ್ರ ಪ್ರಾಜೆಕ್ಟ್ ಅಂದ್ರೆ ಮನೆಗೆ ಕಳಿಸೋ ಕೆಲಸ. ಮನೆಯಲ್ಲಿ ಇಂಗ್ಲಿಷ್ ಬಲ್ಲವರಿದ್ದರೆ ಮಾರ್ಕು ಬರುತ್ತೆ. ಅಪ್ಪ ರಾತ್ರಿ ಪಾಳಿಗೆ ಹೋಗುವ, ಅಮ್ಮ ಕನ್ನಡವಷ್ಟೇ ಓದಬಲ್ಲ ಮನೆಯ ಮಗು ಹಿಂದೆ ಬೀಳುತ್ತೆ. ಬೆಂಗಳೂರು ಪ್ರಾಜೆಕ್ಟ್‌ನಲ್ಲಿ ಕೆಲಸ ಶುರುವಾಗಿ ಮುಗೀತಾ ಇದ್ದದ್ದು ತರಗತಿಯ ಒಳಗೇ, ಎಲ್ಲ ಮಕ್ಕಳಿಗೂ ಒಂದೇ ಬೋರ್ಡು, ಒಂದೇ ಸೀಮೆಸುಣ್ಣ. ಅದರಿಂದ ನಾವು ಎತ್ತಿಕೊಳ್ಳಬೇಕಾದ ಮೊದಲ ಪಾಠ ಅದೇ ಅಂತ ನನಗನ್ನಿಸುತ್ತೆ.

ನಿಮ್ಮಲ್ಲಿ ಶಿಕ್ಷಕರು ಇದ್ದರೆ ಒಂದು ಪೀರಿಯಡ್ ವೇಳಾಪಟ್ಟಿ ಟಾಸ್ಕ್ ಮಾಡಿ ನೋಡಿ, ಏನಾಯ್ತು ಅಂತ ಬರೀರಿ. ಮುಂದಿನ ಮಾತಿನಲ್ಲಿ ಸಿಗೋಣ.